ಎರಡು ಕ್ಯಾಮ್‌ಶಾಫ್ಟ್‌ಗಳ ನಡುವೆ ಬಸವಕುಮಾರ

ಯಲಬುರ್ಗಾದ ಬಸ್ ಸ್ಟ್ಯಾಂಡ್ ಎದುರಿಗೆ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ಬಸವಕುಮಾರನ ಮಾನ ಹೋದದ್ದು ಒಂದು ಸರಕಾರಿ ಬಸ್ಸಿನಿಂದ. ಬಸ್ಸಿನ ತಪ್ಪೇನೂ ಇರಲಿಲ್ಲ. ಅದು ತನ್ನ ಪಾಡಿಗೆ ತಾನು ಕೊಪ್ಪಳದ ದಾರಿ ಹಿಡಿದು ಹೊರಟಿತ್ತು. ಅದರ ಮುಂದೆ ಬಸವಕುಮಾರನ ಕೆಂಪು ಸ್ಪೋರ್ಟ್ಸ್ ಕಾರು ಏರು ಹತ್ತಲಾರದೆ ಏದುಸಿರು ಬಿಡುತ್ತಿತ್ತು. ಬಸ್ಸು ಒಂದು ಸಲ ಹಾರ್ನ್ ಹೊಡೆದು, ಪಕ್ಕಕ್ಕೆ ಸರಿದು, ಮುಂದೆ ಹೋಯಿತು. ಹೋಗುವಾಗ ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಗೆ ಹಾಕಿ, "ಹಗ್ಗ ಕೊಡ್ಲೇನ್ರಿ?" ಎಂದು ಕೇಳಿದ. ಬಸ್ಸಿಗೆ ಬಸ್ಸೇ ನಕ್ಕಿತು. ನಕ್ಕವರಲ್ಲಿ ಅರ್ಧ ಮಂದಿ ಅವನ ಹೆಂಡತಿ ದ್ರಾಕ್ಷಾಯಿಣಿಯ ತವರಿನವರು. ದ್ರಾಕ್ಷಾಯಿಣಿಯೋ, ಕಾರಿನಲ್ಲಿ ಅವನ ಪಕ್ಕದಲ್ಲೇ ಸೆರಗು ಮುಖಕ್ಕೆ ಹಿಡಿದು ಕೂತಿದ್ದಳು.

ಅಂದಿನಿಂದ ಅವಳು ಆ ಕಾರು ಹತ್ತಲಿಲ್ಲ.

ಕಾರಿನ ಕತೆಯೂ ಅಷ್ಟಕ್ಕಷ್ಟೇ. ಗಣಿಯ ದುಡ್ಡು ಹರಿದಾಡುತ್ತಿದ್ದ ಕಾಲದಲ್ಲಿ ಹೊಸಪೇಟೆಯ ಕಡೆಯ ಒಬ್ಬ ಧಣಿ ಹೊರದೇಶದಿಂದ ತರಿಸಿದ್ದ ಎರಡು ಸೀಟಿನ ಕಾರು ಅದು. ಗಣಿ ನಿಂತ ಮೇಲೆ ಅದು ಹುಣಸೆಮರದ ಕೆಳಗೆ ಸೇರಿತ್ತು, ಕೋಳಿಗಳು ಅದರಲ್ಲಿ ಸಂಸಾರ ಹೂಡಿದ್ದವು. ಧಣಿಯ ತಾಯಿಗೆ ಕನ್ನಡಕ ಕೊಡಲು ಹೋದ ಬಸವಕುಮಾರ ಅದನ್ನು ಕಂಡ. ನೆಲಕ್ಕೆ ಹತ್ತಿದಂತಿರುವ ಮೈ, ಮಂಚದಷ್ಟು ಅಗಲವಾದ ಗಾಲಿ. ಬುದ್ಧಿಯನ್ನು ಅಲ್ಲೇ ಹುಣಸೆಮರದ ಕೆಳಗೆ ಬಿಟ್ಟು ಕಾರನ್ನು ಎಳೆಸಿಕೊಂಡು ಬಂದ. ಕೋಳಿಯ ವಾಸನೆ ಹೋಗಲು ಒಂದು ಮಳೆಗಾಲ ಹಿಡಿಯಿತು.

ಈಗ ದ್ರಾಕ್ಷಾಯಿಣಿಯ ತಮ್ಮ ವಿರುಪಾಕ್ಷಿ ಗಂಗಾವತಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ನಾಳೆ ಬೆಳಿಗ್ಗೆ ಗೃಹಪ್ರವೇಶ, ಇವತ್ತು ಸಂಜೆಯೇ ಹೊರಡಬೇಕು. ಕಾರಿನಲ್ಲೇ ಹೋಗೋಣವೆಂದು ಬಸವಕುಮಾರ ಹೆಂಡತಿಯ ಮುಂದೆ ವಾರಗಟ್ಟಲೆ ಗೋಗರೆದಿದ್ದ. ಕೊನೆಗೆ ಅವಳು ಒಪ್ಪಿದ್ದಳು, ಆದರೆ ಒಂದು ಷರತ್ತು ಹಾಕಿ.

"ನಾ ಕಾರಿನಾಗ ಕುಂತಾಗ ಬಸ್ಸು ನಮ್ಮನ್ನ ಹಿಂದ ಹಾಕಿ ಮುಂದ ಹೋತಂದ್ರ, ಆ ಕಾರಿನ ವಿಚಾರದಾಗ ಮುಂದ ನಾ ಹೇಳಿದ್ದ ಕಾಯಂ. ನೀವು ತುಟಿ ಬಿಚ್ಚಂಗಿಲ್ಲ."

ಅವಳು ಏನು ಹೇಳುತ್ತಾಳೆಂಬುದು ಬಸವಕುಮಾರನಿಗೆ ಗೊತ್ತೇ ಇತ್ತು. ವಿರುಪಾಕ್ಷಿಗೆ ಗಂಗಾವತಿಯಲ್ಲಿ ಅಕ್ಕಿ ಗಿರಣಿ. ಗಿರಣಿಯ ಮುಂದೆ ಕಟ್ಟೆ ಕಟ್ಟಿ ಅದರ ಮೇಲೆ ಗಿರಾಕಿಗಳು ನೋಡಲೆಂದು ಈ ಕೆಂಪು ಕಾರನ್ನು ನಿಲ್ಲಿಸಬೇಕೆಂದು ಅವನು ಬಹಳ ದಿನದಿಂದ ಕೇಳುತ್ತಿದ್ದ. ಇವತ್ತು ಬಸ್ಸು ಮುಂದೆ ಹೋದರೆ ಕಾರು ಕಟ್ಟೆ ಹತ್ತುತ್ತದೆ, ಅಷ್ಟೇ. ಮಕ್ಕಳಿಲ್ಲದ ಮನೆಯಲ್ಲಿ ಅವನು ಆ ಕಾರಿನ ಮೈ ಒರೆಸುತ್ತ ಅದರೊಂದಿಗೆ ಮಾತಾಡುವುದೂ ಇತ್ತು, ಯಾರಿಗೂ ಹೇಳಿರಲಿಲ್ಲ.

ಫೋನಿನಲ್ಲಿ ಕಾರು ರಿಪೇರಿಯ ವಿಡಿಯೋಗಳನ್ನು ನೋಡಿ ನೋಡಿ ಅವನು ಕಂಡುಕೊಂಡ ಮದ್ದು ಕ್ಯಾಮ್‌ಶಾಫ್ಟ್. ಇಂಜಿನ್ನಿನೊಳಗೆ ತಿರುಗುತ್ತ, ಮೈಮೇಲಿನ ಉಬ್ಬುಗಳಿಂದ ವಾಲ್ವುಗಳೆಂಬ ಬಾಗಿಲುಗಳನ್ನು ತೆರೆದು ಮುಚ್ಚುವ ಉಕ್ಕಿನ ಸರಳು ಅದು. ಹಳೆಯದು ಸವೆದಿದೆ, ಹೊಸದು ಹಾಕಿದರೆ ಕಾರು ಹಾರುತ್ತದೆ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹೊಸದರಲ್ಲಿ ಎರಡು ಬಗೆ: ದೊಡ್ಡ ಉಬ್ಬಿನದು, ಸಣ್ಣ ಉಬ್ಬಿನದು. ಯಾವುದು ತರಿಸುವುದೆಂದು ತಿಂಗಳುಗಟ್ಟಲೆ ನಿದ್ದೆಗೆಟ್ಟು, ಕೊನೆಗೆ ಕೊಯಮತ್ತೂರಿನಿಂದ ಎರಡನ್ನೂ ತರಿಸಿದ. ಬೇಡವಾದದ್ದನ್ನು ವಾಪಸ್ ಕಳಿಸಬಹುದಿತ್ತು. ಯಾವುದು ಬೇಡ ಎಂಬುದೇ ಪ್ರಶ್ನೆ.

ಇದರಲ್ಲೊಂದು ತಮಾಷೆಯಿದೆ. ಬಸವಕುಮಾರ ದಿನವಿಡೀ ಮಾಡುವ ಕೆಲಸವೇ ಗಿರಾಕಿಯ ಕಣ್ಣಿಗೆ ಒಂದು ಗಾಜು ಇಟ್ಟು, ಆಮೇಲೆ ಇನ್ನೊಂದು ಇಟ್ಟು, "ಇದು ಛಲೋನೋ, ಅದು ಛಲೋನೋ?" ಎಂದು ಕೇಳುವುದು. "ಎರಡೂ ಹಂಗ ಕಾಣ್ತಾವ್ರಿ" ಎಂದು ತಡವರಿಸುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೆ ಮನುಷ್ಯ ಹೀಗೆ ಒದ್ದಾಡಬಹುದೇ ಎಂದು ಮನೆಗೆ ಬಂದು ಹೆಂಡತಿಯ ಮುಂದೆ ಆಡಿಕೊಳ್ಳುತ್ತಿದ್ದ.

ಅವತ್ತು ಬೆಳಿಗ್ಗೆ ಅವನು ಪಕ್ಕೀರಪ್ಪನ ಶೆಡ್ಡಿಗೆ ಹೋದಾಗ ಇಂಜಿನ್ನಿನ ಎದೆ ಬಿಚ್ಚಿ ಇಟ್ಟಿತ್ತು. ಗೋಣಿತಟ್ಟಿನ ಮೇಲೆ ಎರಡೂ ಕ್ಯಾಮ್‌ಶಾಫ್ಟ್‌ಗಳು ಅಕ್ಕಪಕ್ಕ ಮಲಗಿದ್ದವು. ಪಕ್ಕೀರಪ್ಪ ಯಲಬುರ್ಗಾದಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಹೆಸರಾದವನು. ಸ್ಪೋರ್ಟ್ಸ್ ಕಾರನ್ನು ಅವನು ಕುಳ್ಳ ಟ್ರ್ಯಾಕ್ಟರ್ ಎಂದೇ ತಿಳಿದು ರಿಪೇರಿ ಮಾಡುತ್ತಿದ್ದ. ಶೆಡ್ಡಿನ ಮೂಲೆಯಲ್ಲಿ ಮುರುಕು ಸ್ಟೂಲಿನ ಮೇಲೆ ದ್ರಾಕ್ಷಾಯಿಣಿಯ ಚಿಕ್ಕಪ್ಪ ಕರಿಬಸಪ್ಪ ಕೂತಿದ್ದ. ಬಸ್ ಡ್ರೈವರ್ ಆಗಿ ನಿವೃತ್ತನಾಗಿ ಈಗ ಹೊಲ ನೋಡಿಕೊಳ್ಳುವ ಮುದುಕ. ಬಾಡಿಗೆಗೆ ಹೇಳಿದ್ದ ಟ್ರ್ಯಾಕ್ಟರ್ ಕೆಟ್ಟು ಇದೇ ಶೆಡ್ಡಿಗೆ ಬಂದಿತ್ತಂತೆ, ಅದರ ದಾರಿ ಕಾಯುತ್ತಿದ್ದ.

"ಮಧ್ಯಾಹ್ನದೊಳಗ ಹೇಳಿಬಿಡ್ರಿ ಬಸವಕುಮಾರಣ್ಣಾರ, ಯಾವ್ದು ಕೂಡ್ರಸಬೇಕು" ಎಂದ ಪಕ್ಕೀರಪ್ಪ. "ದೊಡ್ಡದು ಹಾಕಿದ್ರ ಬಾಗಲಾ ಭಾಳ ತೆರೀತೈತಿ, ಭಾಳ ಹೊತ್ತು ತೆರದಿರ್ತೈತಿ. ಜೋರು ಹೋಗೂವಾಗ ಗಾಳಿ ಕುಡದು ಹುಲಿ ಆಕ್ಕತಿ. ಆದ್ರ ಮೆಲ್ಲಗ ಹೋಗೂವಾಗ ದಮ್ ಇರಂಗಿಲ್ಲ, ನಿಂತಲ್ಲೆ ಕೆಮ್ಮತೈತಿ. ಸಣ್ಣದು ಹಾಕಿದ್ರ ಮೆಲ್ಲಗ ಹೋಗೂವಾಗ ಆನಿ ಬಲ. ಮ್ಯಾಲ ಹೋದಂಗ ಹುಲಿಯಾಟ ಇರಂಗಿಲ್ಲ."

ಹುಲಿಯೋ ಆನೆಯೋ ಎಂದು ಬಸವಕುಮಾರ ಹಣೆ ಒತ್ತಿಕೊಂಡ. ವಿಡಿಯೋದಲ್ಲಿ ದೊಡ್ಡ ಉಬ್ಬಿನ ಕಾರುಗಳು ನಿಂತಲ್ಲೇ ದಡಕ್ ದಡಕ್ ಎಂದು ಗುಟುರು ಹಾಕುವುದನ್ನು ಅವನು ಕೇಳಿದ್ದ. ಆ ಸಪ್ಪಳ ಅವನ ಕನಸಿನಲ್ಲೂ ಬರುತ್ತಿತ್ತು. ಮನಸ್ಸು ದೊಡ್ಡದರ ಕಡೆ, ಬುದ್ಧಿ ಸಣ್ಣದರ ಕಡೆ ಎಳೆಯಿತು.

ಆಗ ಮೂಲೆಯಿಂದ ಕರಿಬಸಪ್ಪ ಪ್ರಶ್ನೆ ಶುರು ಮಾಡಿದ. ಗಾಲಿ ಎಷ್ಟು ಅಗಲ, ಟೈರಿಗೆ ಟ್ರ್ಯಾಕ್ಟರಿನ ಹಾಗೆ ಹಲ್ಲು ಇಲ್ಲವಷ್ಟೆ, ಸಣ್ಣ ಜಾಗದಲ್ಲಿ ಮರಳಿ ತಿರುಗುತ್ತದೆಯೋ, ಒಂದೇ ಸಮ ಮೆಲ್ಲಗೆ ಓಡಿಸಿದರೆ ಎಷ್ಟು ಹೊತ್ತಿಗೆ ಬಿಸಿಯಾಗುತ್ತದೆ ಎಂದೆಲ್ಲ ಕೇಳಿದ. ವಯಸ್ಸಾದ ಡ್ರೈವರ್ ಅಲ್ಲವೇ, ವಾಹನದ ಮೇಲಿನ ಪ್ರೀತಿ ಎಲ್ಲಿ ಹೋಗುತ್ತದೆ ಎಂದುಕೊಂಡು ಬಸವಕುಮಾರ ಎಲ್ಲಕ್ಕೂ ಉತ್ತರಿಸಿದ. ಕಾರಿನ ಬಗ್ಗೆ ಇಷ್ಟು ಅಕ್ಕರೆಯಿಂದ ಕೇಳಿದವರು ಹೆಂಡತಿಯ ಬಳಗದಲ್ಲಿ ಇವನೊಬ್ಬನೇ.

"ಸಣ್ಣದ ಹಾಕಸ್ರಿ ಅಳಿಯಾರ" ಎಂದು ಮುದುಕ ತೀರ್ಪು ಕೊಟ್ಟ. "ಮೆಲ್ಲಗ ಹೋಗೂದರಾಗ ಭಾಳ ಸುಖ ಐತಿ."

ಯೋಚಿಸಿ ಹೇಳುತ್ತೇನೆಂದು ಬಸವಕುಮಾರ ಅಂಗಡಿಗೆ ನಡೆದ. ಬಾಗಿಲು ತೆರೆಯುವಷ್ಟರಲ್ಲಿ ಗಂಗಾವತಿಯಿಂದ ವಿರುಪಾಕ್ಷಿಯ ಫೋನು. ಅಕ್ಕನಿಂದ ಸುದ್ದಿ ತಿಳಿದಿತ್ತೆಂದು ಕಾಣುತ್ತದೆ. ಮಾವಾರ, ಕಣ್ಣುಮುಚ್ಚಿ ದೊಡ್ಡದನ್ನೇ ಹಾಕಿಸಿರಿ, ಗಂಡಸಿನ ಕಾರು ಗಂಡಸಿನ ಹಾಗೆ ಗುಟುರು ಹಾಕಬೇಕು ಎಂದ. ಬಸವಕುಮಾರನಿಗೆ ಖುಷಿಯಾಯಿತು. ಫೋನಿಟ್ಟ ಮೇಲೆ ಅನುಮಾನವಾಯಿತು. ಕಾರು ಸೋತರೆ ಲಾಭ ಯಾರಿಗೆ? ವಿರುಪಾಕ್ಷಿಗೆ. ಅಂದಮೇಲೆ ಅವನು ದೊಡ್ಡದು ಎಂದರೆ ಸಣ್ಣದೇ ಸರಿ. ಆದರೆ ತನ್ನ ಮಾತನ್ನು ಮಾವ ನಂಬುವುದಿಲ್ಲವೆಂದು ವಿರುಪಾಕ್ಷಿಗೂ ಗೊತ್ತು. ಹಾಗಾದರೆ ಬೇಕೆಂದೇ ಸರಿಯಾದದ್ದನ್ನು ಹೇಳಿ ತಪ್ಪು ಮಾಡಿಸುತ್ತಿರಬಹುದು. ಅಂದರೆ ದೊಡ್ಡದೇ ಸರಿ. ಗಂಗಾವತಿಯ ವ್ಯಾಪಾರಿಗಳು ಇಷ್ಟು ಆಳದವರೇ ಎಂದು ಬಸವಕುಮಾರ ತಲೆ ಹಿಡಿದುಕೊಂಡ.

ಅಷ್ಟರಲ್ಲಿ ಹುಲಗಮ್ಮ ಎಂಬ ಅಜ್ಜಿ ಬಂದು ಕುರ್ಚಿಯ ಮೇಲೆ ಕೂತಳು. ಸಂಜೆ ಬಸ್ಸಿಗೆ ಮಗಳ ಊರಿಗೆ ಹೋಗಬೇಕು, ದೂರದ್ದು ಕಾಣುವುದಿಲ್ಲ, ಇವತ್ತೇ ಕನ್ನಡಕ ಬೇಕು ಎಂದಳು. ಬಸವಕುಮಾರ ಅವಳ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಗಾಜು ಹಾಕಿ, ಇದೋ ಅದೋ ಎಂದು ಕೇಳಿದ. ಅದು ಎಂದಳು. ಮತ್ತೆ ಕೇಳಿದ. ಮತ್ತೆ ಅದೇ ಎಂದಳು. ಅವನ ಕೈ ನಿಲ್ಲಲೇ ಇಲ್ಲ, ಗಾಜು ಹಾಕಿದ, ತೆಗೆದ, ಹಾಕಿದ, ತೆಗೆದ. ಬಾಯಿಯಲ್ಲಿ ಮಾತ್ರ ದೊಡ್ಡದು, ಸಣ್ಣದು, ದೊಡ್ಡದು ಎಂದು ಬರತೊಡಗಿತು.

ಅಜ್ಜಿ ಚೌಕಟ್ಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ತಮ್ಮಾ, ನನ್ನ ಕಣ್ಣು ಪರೀಕ್ಷಾ ಮಾಡಾಕತ್ತೀಯೋ, ನಿನ್ನ ತಲಿ ಪರೀಕ್ಷಾ ಮಾಡಾಕತ್ತೀಯೋ?"

ಬಸವಕುಮಾರ ಎಲ್ಲವನ್ನೂ ಹೇಳಿಕೊಂಡ. ಬೆಳಗಿನಿಂದ ಬಾಯಿಬಿಟ್ಟು ಹೇಳಿಕೊಳ್ಳಲು ಒಂದು ಜೀವ ಸಿಕ್ಕಿರಲಿಲ್ಲ. ಅಜ್ಜಿಗೆ ಕ್ಯಾಮೂ ತಿಳಿಯಲಿಲ್ಲ, ವಾಲ್ವೂ ತಿಳಿಯಲಿಲ್ಲ. ಪಕ್ಕದಲ್ಲಿ ಕೂರುವವಳು ಯಾರು ಎಂದಷ್ಟೇ ಕೇಳಿದಳು. ಹೆಂಡತಿ ಎಂದ. ಮತ್ತೆ ಊರೆಲ್ಲ ಕೇಳಿದಿ, ಅವಳನ್ನು ಕೇಳಿದಿಯೇನು ಎಂದಳು. ಬಸವಕುಮಾರ ಪೆಚ್ಚಾದ. ಅದು ಅವನಿಗೆ ಹೊಳೆದೇ ಇರಲಿಲ್ಲ.

ಅಜ್ಜಿಗೆ ಮಧ್ಯಾಹ್ನಕ್ಕೆ ಕನ್ನಡಕ ಸಿದ್ಧವಾಗುತ್ತದೆಂದು ಹೇಳಿ ಕಳಿಸಿ, ಹೆಂಡತಿಗೆ ಫೋನು ಹಚ್ಚಿದ. ದ್ರಾಕ್ಷಾಯಿಣಿ ಹೊಲಮನೆಯ ಮಗಳು. ಮದುವೆಗೆ ಮುಂಚೆ ಹೊಲ ಉಳಲು, ಕುಂಟೆ ಹೊಡೆದು ಹರಗಲು ಅಪ್ಪನ ಟ್ರ್ಯಾಕ್ಟರನ್ನು ತಾನೇ ಓಡಿಸಿದವಳು. ಯಂತ್ರದ ವಿಷಯಕ್ಕೆ ಕಂಗೆಡುವವಳಲ್ಲ. ಗಂಡನ ಮಾತು ಪೂರ್ತಿ ಕೇಳಿ ಹೇಳಿದಳು.

"ಯಾವ್ದರ ಹಾಕಸ್ರಿ. ಮೆಲ್ಲಗ ಹೋಗೂವಾಗ ಮಾತ್ರ ಬಂದ್ ಬೀಳಬಾರದು. ಮತ್ತ ಭಾಳ ಸಪ್ಪಳ ಬ್ಯಾಡ, ಎತ್ತು ಬೆದರ್ತಾವ."

ಎತ್ತುಗಳು ಎಲ್ಲಿಂದ ಬಂದವೆಂದು ಅವನು ಕೇಳಲಿಲ್ಲ. ಬಸ್ಸಿನ ಘಟನೆಯಾದ ಮೇಲೆ ಅವಳು ಕಾರಿನ ಬಗ್ಗೆ ಬಯ್ಯದೆ ಆಡಿದ ಮೊದಲ ಮಾತು ಇದು. ಬಸವಕುಮಾರನ ಕಣ್ಣು ತುಂಬಿ ಬಂತು. ಆದರೆ ಮನಸ್ಸೆಂಬುದು ನೋಡಿ, ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಆ ದಡಕ್ ದಡಕ್ ಮತ್ತೆ ಕೇಳಿಸಿತು. ಗಂಗಾವತಿಯ ಹೊಸ ಮನೆಯ ಮುಂದೆ ಕಾರು ಗುಟುರು ಹಾಕುತ್ತ ನಿಂತಂತೆ, ತವರಿನವರೆಲ್ಲ ಹೊರಗೆ ಓಡಿಬಂದಂತೆ, ದ್ರಾಕ್ಷಾಯಿಣಿ ತಲೆಯೆತ್ತಿ ಇಳಿದಂತೆ ಕಂಡಿತು. ಸಣ್ಣದೆಂದು ಬಾಯಲ್ಲಿ ಅನ್ನುತ್ತ ಕಾಲು ಶೆಡ್ಡಿಗೆ ಎಳೆಯಿತು. ಶೆಡ್ಡಿನ ಬಾಗಿಲಲ್ಲಿ ಅವನು ದೊಡ್ಡದಕ್ಕೆ ಸೋತುಬಿಟ್ಟಿದ್ದ.

ಇಂಜಿನ್ನಿನ ಮೇಲೆ ಈಗ ಗೋಣಿತಟ್ಟು ಹೊದಿಸಿತ್ತು. ಧೂಳು ಬೀಳುತ್ತದೆ ಎಂದ ಪಕ್ಕೀರಪ್ಪ. ಕರಿಬಸಪ್ಪ ಇನ್ನೂ ಸ್ಟೂಲು ಬಿಟ್ಟಿರಲಿಲ್ಲ. ಹಿರಿಯರ ಮಾತು ಮೀರಿದಂತೆ ಆಗಬಾರದೆಂದು ಬಸವಕುಮಾರ ಪಕ್ಕೀರಪ್ಪನ ಕಿವಿಯ ಹತ್ತಿರ ಬಾಗಿದ. "ದೊಡ್ಡದ ಕೂಡ್ರಸು. ಮನಿಯಾಗ ಯಾರಿಗೂ ಹೇಳಬ್ಯಾಡ."

ಪಕ್ಕೀರಪ್ಪ ಅವನ ಹೆಗಲ ಮೇಲಿಂದ ಮೂಲೆಯ ಕಡೆಗೊಮ್ಮೆ ನೋಡಿದ. ಆಮೇಲೆ, "ಆತ್ರಿ, ನೀವು ಹೇಳಿದ ಮ್ಯಾಲ ಮುಗೀತಲ್ಲ" ಎಂದ.

ನಾಲ್ಕರ ಸುಮಾರಿಗೆ ಕಾರು ಸಿದ್ಧವಾಯಿತು. ಬಸವಕುಮಾರ ಉಸಿರು ಬಿಗಿಹಿಡಿದು ಕೀಲಿ ತಿರುವಿದ. ದಡಕ್ ಇಲ್ಲ, ಗುಟುರು ಇಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಕಾರು ಗುರ್ ಎಂದು ನಿಂತಿತು. ದೊಡ್ಡದು ಹಾಕಿದರೆ ಹೀಗೇನೋ ಎಂದು ಅನುಮಾನದಿಂದ ಕೇಳಿದ.

"ಹೊಸಾದು ಐತ್ರಿ, ಇನ್ನೂ ನಾಚಿಕಿ ಐತಿ" ಎಂದ ಪಕ್ಕೀರಪ್ಪ. ಉಳಿದ ಕ್ಯಾಮ್‌ಶಾಫ್ಟನ್ನು ವಾಪಸ್ ಕಳಿಸಲೆಂದು ಪೇಪರಿನಲ್ಲಿ ಸುತ್ತಿ, ಹುರಿಯಿಂದ ಕಟ್ಟಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ, ಬಿಚ್ಚಬೇಡಿ, ಎಣ್ಣೆ ಹಚ್ಚಿದೆ ಎಂದೂ ಸೇರಿಸಿದ. ಕರಿಬಸಪ್ಪ ಯಾರದೋ ಬೈಕು ಹತ್ತಿ ಆಗಲೇ ಹೋಗಿದ್ದ.

ಮನೆಯ ಮುಂದೆ ದ್ರಾಕ್ಷಾಯಿಣಿ ತಯಾರಾಗಿ ನಿಂತಿದ್ದಳು. ತಮ್ಮನ ಗೃಹಪ್ರವೇಶಕ್ಕೆ ಹೊರಟವಳು ಮಾಸಿದ ನೂಲಿನ ಸೀರೆ ಉಟ್ಟಿದ್ದಳು. ರೇಷ್ಮೆ ಸೀರೆ ಚೀಲದಲ್ಲಿದೆ, ದಾರಿಯಲ್ಲಿ ಧೂಳು ಎಂದಳು. ಉಡುಗೊರೆಯ ಹಿತ್ತಾಳೆ ಕೊಡದ ಜೊತೆಗೆ ಒಂದು ದೊಡ್ಡ ಬುತ್ತಿಗಂಟೂ ಇತ್ತು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಹೋಳಿಗೆ ಊಟಕ್ಕೆ ಹೋಗುವವರಿಗೆ ಬುತ್ತಿ ಏಕೆಂದು ಬಸವಕುಮಾರನಿಗೆ ತಿಳಿಯಲಿಲ್ಲ. ಆದರೆ ಅವಳು ಕಾರು ಹತ್ತಿದ್ದಳು, ಅದಕ್ಕಿಂತ ಹೆಚ್ಚಿನದನ್ನು ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಗಂಗಾವತಿಯ ಬಸ್ಸು ಅವರಿಗಿಂತ ಸ್ವಲ್ಪ ಮುಂಚೆ ಹೊರಟಿತ್ತು. ಊರು ದಾಟಿದ ಮೇಲೆ ಅದೇ ಏರಿನಲ್ಲಿ ಸಿಕ್ಕಿತು. ಬಸವಕುಮಾರ ಮನೆದೇವರನ್ನು ನೆನೆದು ಕಾಲು ಒತ್ತಿದ. ಕಾರು ತಳ್ಳಿದಂತೆ ಮುಂದೆ ಹಾರಿತು. ಬಸ್ಸಿನ ಕಿಟಕಿಗಳು ಒಂದೊಂದಾಗಿ ಹಿಂದೆ ಸರಿದವು. ಬಾಗಿಲಲ್ಲಿ ನಿಂತ ಅದೇ ಹಗ್ಗದ ಕಂಡಕ್ಟರ್ ಬಾಯಿ ತೆರೆದವನು ಹಾಗೇ ಮುಚ್ಚಿದ. ಬಸವಕುಮಾರನಿಗೆ ಕುಣಿಯಬೇಕೆನಿಸಿತು. ತನ್ನ ಆಯ್ಕೆ ಸರಿಯಾಗಿತ್ತು. ಊರೆಲ್ಲ ಏನೇ ಹೇಳಲಿ, ಮನಸ್ಸಿನ ಮಾತು ಕೇಳಬೇಕು ಎಂದು ಹೆಂಡತಿಯ ಕಡೆ ತಿರುಗಿದ. ಅವಳು ಬಸ್ಸನ್ನು ನೋಡಿರಲೇ ಇಲ್ಲ. ಮುಂದಿನ ರಸ್ತೆಯನ್ನೇ ನೋಡುತ್ತ, "ಮುಂದ ತಿರುವಿನಾಗ ಸ್ವಲ್ಪ ಮೆಲ್ಲಗ ಹೊಡೀರಿ" ಎಂದಳು.

ತಿರುವು ದಾಟಿದರೆ ರಸ್ತೆಯ ಅರ್ಧಕ್ಕೆ ಸಜ್ಜೆಯ ತೆನೆ ಹರವಿತ್ತು. ಸುಗ್ಗಿಯಲ್ಲಿ ಆ ಕಡೆ ಇದು ಇದ್ದದ್ದೇ. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲಿ ಎಂದು ಡಾಂಬರಿನ ಮೇಲೆ ತೆನೆ ಹಾಸುತ್ತಾರೆ. ತೆನೆಯ ಈಚೆಗೆ ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಕೊಕ್ಕೆಕೋಲು ಹಿಡಿದು ಕರಿಬಸಪ್ಪ ನಿಂತಿದ್ದ. ಬಸ್ಸು ನಿಲ್ಲಿಸುವವನ ಹಾಗೆ ಕೈಯೆತ್ತಿದ. ಪಕ್ಕದ ಹೊಲದಲ್ಲಿ ಎರಡು ಎತ್ತುಗಳು ಮೇಯುತ್ತಿದ್ದವು.

ಬಸವಕುಮಾರ ಎತ್ತುಗಳನ್ನು ನೋಡಿದ. ಬುತ್ತಿಗಂಟನ್ನು ನೋಡಿದ. ಹೆಂಡತಿ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು.

"ಹೇಳಿದ ಟ್ರ್ಯಾಕ್ಟರ್ ಶೆಡ್ಡಿನಾಗ ಬಿದ್ದೈತಿ ಅಳಿಯಾರ" ಎಂದು ಕರಿಬಸಪ್ಪ ಕಿಟಕಿಗೆ ಬಗ್ಗಿದ. "ಬಂದ್ರೂ ಅದರ ಗಾಲಿ ಹಲ್ಲಿಗೆ ಕಾಳು ಒಡೀತಾವ. ಬಸ್ಸು ಜೋರು ಹೋಗಿ ತೆನಿ ಎಲ್ಲಾ ತೆಗ್ಗಿಗೆ ಎಸೀತೈತಿ. ನಿಮ್ಮ ಗಾಲಿ ಅಗಲ ಐತಿ, ನುಣ್ಣಗ ಐತಿ. ಮೆಲ್ಲಗ ಹೋದ್ರೂ ಬಂದ್ ಬೀಳಂಗಿಲ್ಲ. ಅದಕ್ಕ ಸಣ್ಣದ ಕೂಡ್ರಸಂತ ಪಕ್ಕೀರಪ್ಪಗ ಹೇಳಿದ್ನಿ. ನೀವು ಮುಂಜಾನೆ ಅಂಗಡಿ ಬಾಗಲಾ ತೆಗಿಯೂದರಾಗ ಕೂಡ್ರಿಸಿ ಆಗಿತ್ತು."

ಹುಲಿ, ಆನೆ, ವಿರುಪಾಕ್ಷಿಯ ಆಳ, ಹುಲಗಮ್ಮನ ಬುದ್ಧಿಮಾತು, ಕಿವಿಯಲ್ಲಿ ಉಸುರಿದ ಗುಟ್ಟು, ಎಲ್ಲ ಒಮ್ಮೆಲೇ ಬಸವಕುಮಾರನ ತಲೆಯಲ್ಲಿ ತಿರುಗಿದವು. ಏರಿನಲ್ಲಿ ಬಸ್ಸನ್ನು ಹಿಂದೆ ಹಾಕಿದ್ದು ಹಾಗಾದರೆ ಸಣ್ಣದು. "ಹೋಗಲಿ, ಗೃಹಪ್ರವೇಶ?" ಎಂದು ಕೊನೆಗೆ ಬಾಯಿಬಿಟ್ಟ.

ದ್ರಾಕ್ಷಾಯಿಣಿ ಅದನ್ನೂ ಯೋಚಿಸಿಟ್ಟಿದ್ದಳು. ಹೊಸ ಮನೆಗೆ ಇವತ್ತು ಸಂಜೆ ಕೊಡ ಮುಟ್ಟಬೇಕು, ಅದನ್ನು ಒಯ್ಯಲು ಒಬ್ಬರು ಸಾಕು. ಅವಳು ಕತ್ತಲಾಗುವವರೆಗೆ ತೆನೆ ತುಳಿಸಿ, ಕರಿಬಸಪ್ಪ ಕಾಕಾನ ಮನೆಯಲ್ಲಿದ್ದು, ಬೆಳಿಗ್ಗೆ ಕಾರಿನಲ್ಲಿ ಬರುತ್ತಾಳೆ. ಗಂಡ ಇಳಿದು ಕೊಡ ಹಿಡಿದು ನಿಲ್ಲುವಷ್ಟರಲ್ಲಿ ಅವಳು ಸ್ಟೇರಿಂಗ್ ಹಿಡಿದು ಕೂತಾಗಿತ್ತು. ಕಾರು ತೆನೆಯ ಮೇಲೆ ಇಳಿಯಿತು. ಮೆಲ್ಲಗೆ ಹೋಯಿತು, ರಸ್ತೆಬದಿಯ ಸಣ್ಣ ಜಾಗದಲ್ಲಿ ಚಂದವಾಗಿ ತಿರುಗಿತು, ಮೆಲ್ಲಗೆ ಬಂತು. ಗಾಲಿಯ ಹಿಂದೆ ಕಾಳು ಸಾಲಾಗಿ ಉದುರಿತು. ಒಂದು ಸಲವೂ ಕೆಮ್ಮಲಿಲ್ಲ. ಇಷ್ಟು ಒಪ್ಪವಾಗಿ ಆ ಕಾರು ಬಸವಕುಮಾರನ ಕೈಯಲ್ಲಿ ಎಂದೂ ಓಡಿರಲಿಲ್ಲ.

ಉದುರಿದ ಕಾಳು ಒಟ್ಟಲು ಪಕ್ಕದಲ್ಲಿ ಹಾಸಿದ್ದ ತಾಡಪತ್ರಿ ಗಾಳಿಗೆ ಹಾರತೊಡಗಿತು. ಕರಿಬಸಪ್ಪ ಅತ್ತಿತ್ತ ಕಲ್ಲು ಹುಡುಕಿ, ಡಿಕ್ಕಿಯಿಂದ ಇಳಿಸಿಟ್ಟಿದ್ದ ಪೇಪರಿನ ಕಟ್ಟನ್ನು ಬಿಚ್ಚಿ, ಒಳಗಿದ್ದ ದೊಡ್ಡ ಉಬ್ಬಿನ ಕ್ಯಾಮ್‌ಶಾಫ್ಟನ್ನು ತಾಡಪತ್ರಿಯ ಅಂಚಿನ ಮೇಲೆ ಇಟ್ಟ. ಅದು ಚೆನ್ನಾಗಿ ಹಿಡಿದುಕೊಂಡಿತು.

ಅಷ್ಟರಲ್ಲಿ ಹಿಂದಿನ ಊರಿನಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ಬಸ್ಸು ಬಂತು. ಕರಿಬಸಪ್ಪ ಕೈಯೆತ್ತಿದ, ಡ್ರೈವರ್ ಅವನ ಹಳೆಯ ಜೊತೆಗಾರ, ನಿಲ್ಲಿಸಿದ. ಬಸವಕುಮಾರ ಹಿತ್ತಾಳೆ ಕೊಡ ಅವಚಿಕೊಂಡು ಹತ್ತಿದ. ಬಸ್ಸು ಒಂದು ಸಲ ಹಾರ್ನ್ ಹೊಡೆದು, ಪಕ್ಕಕ್ಕೆ ಸರಿದು, ಕೆಂಪು ಕಾರನ್ನು ಹಿಂದೆ ಹಾಕಿ ಮುಂದೆ ಹೋಯಿತು.

ಫೋನು ಬಡಿದುಕೊಂಡಿತು. "ನೋಡಿದ್ರಿಲ್ಲ?" ಎಂದಳು ದ್ರಾಕ್ಷಾಯಿಣಿ. "ನಾ ಕಾರಿನಾಗ ಕುಂತೀನಿ, ಬಸ್ಸು ಮುಂದ ಹೋತು. ಷರತ್ತು ನೆನಪೈತೆಲ್ಲ?"

ಬಸವಕುಮಾರ ಕಣ್ಣುಮುಚ್ಚಿಕೊಂಡ. "ವಿರುಪಾಕ್ಷಿಗೆ ಕೊಟ್ಟುಬಿಡೂದಾ?"

"ಅವಂಗ್ಯಾಕ? ಇದು ನಂದು. ಸಜ್ಜಿ ಮುಗದ ಮ್ಯಾಲ ಜ್ವಾಳ ಐತಿ, ಕಡ್ಲಿ ಐತಿ. ನೀವು ಅಂಗಡಿಗೆ ನಡಕೊಂತ ಹೋಗ್ರಿ, ಹೊಟ್ಟಿ ಇಳೀತೈತಿ."

ಕಂಡಕ್ಟರ್ ಟಿಕೆಟ್ ಯಂತ್ರ ಹಿಡಿದು ಪಕ್ಕಕ್ಕೆ ಬಂದು ನಿಂತ. ಬಹಳ ಹೊತ್ತು ಬಸವಕುಮಾರನ ಮುಖ ನೋಡಿ, ಹಗ್ಗದ ಮಾತು ಎತ್ತದೆ, ಎಲ್ಲಿಗೆಂದಷ್ಟೇ ಕೇಳಿದ. ಒಳ್ಳೆಯ ಮನುಷ್ಯ.

ಮುಂದಿನ ಸೀಟಿನಿಂದ ಹುಲಗಮ್ಮ ತಿರುಗಿದಳು. ಮೂಗಿನ ಮೇಲೆ ಹೊಸ ಕನ್ನಡಕ ಹೊಳೆಯುತ್ತಿತ್ತು. ಹಿಂದಿನ ಕಿಟಕಿಯಾಚೆ ಬಹಳ ದೂರದಲ್ಲಿ ಒಂದು ಕೆಂಪು ಚುಕ್ಕೆ ಹೋಗಿ ಬಂದು ಮಾಡುತ್ತಿತ್ತು.

"ಕನ್ನಡಕ ಭಾಳ ಛಲೋ ಮಾಡಿ ಕೊಟ್ಟೀ ತಮ್ಮಾ" ಎಂದಳು ಅಜ್ಜಿ. "ಇಲ್ಲಿತನಾ ಕಾಣ್ತೈತಿ ನೋಡು. ನಿನ್ನ ಹೇಂತಿ ನಗಾಕತ್ಯಾಳ."